ರೈತರ ಕೋವಿ: ಸಾರಾಸಗಟು ಠೇವಣಿ ಬೇಡ

ಮಾನ್ಯರೇ,

ಚುನಾವಣೆ ಘೋಷಣೆಯಾದೊಡನೆ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಮಲೆನಾಡು, ಕರಾವಳಿಯ ಕೃಷಿಕರ ಕೋವಿಗಳನ್ನು ಸಾರಾಸಗಟಾಗಿ ಠಾಣೆಯಲ್ಲಿ ಠೇವಣಿ ಇರಿಸಿಕೊಳ್ಳುವ ಪದ್ಧತಿಯನ್ನು ಜಿಲ್ಲಾಡಳಿತಗಳು ಕೈಬಿಡಬೇಕು. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯುಳ್ಳವರು, ಹಿಂದೆ ಗಲಭೆಗಳಲ್ಲಿ ಭಾಗಿಯಾದವರ ಪರವಾನಗಿಗಳನ್ನು ಪರಿಶೀಲನಾ ಸಮಿತಿಯು ಬಿಡಿಬಿಡಿಯಾಗಿ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆಯ ಆಶಯ. ಆದರೆ ಒಂದು ದೂರೂ ಇಲ್ಲದ ವೃದ್ಧ ಬೆಳೆಗಾರರೂ ಕೋವಿ ಹಿಡಿದು ಠಾಣೆಯೆದುರು ಸಾಲು ನಿಲ್ಲಬೇಕಾಗಿದೆ. ಎಳನೀರು ಕೊರೆದು ಉರುಳಿಸುವ ಮಂಗಗಳಿಗಾಗಲಿ, ಬಾಳೆಯ ಬುಡ ಅಗೆಯುವ ಕಾಡುಹಂದಿಗಳಿಗಾಗಲಿ ನೀತಿಸಂಹಿತೆ ಅನ್ವಯಿಸುವುದಿಲ್ಲವಷ್ಟೆ! ಒಬ್ಬರಿಗೆ ಗರಿಷ್ಠ ಎರಡೇ ಬಂದೂಕು ಎಂಬ 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಗೆ ನನ್ನ ತಕರಾರಿಲ್ಲ. ಪರಿಶೀಲನೆಯನ್ನು ಚುನಾವಣೆಗೆ ಮೊದಲೇ ಠಾಣಾವಾರು ಮುಗಿಸಿ, ಕೋವಿ ಒಪ್ಪಿಸಬೇಕಾದವರಿಗೆ ಮಾತ್ರ ಕಾರಣ ನಮೂದಿಸಿದ ನೋಟಿಸು ನೀಡಿ, ಉಳಿದ ಕೃಷಿಕರಿಗೆ ಅರ್ಜಿಯ ಅಲೆದಾಟವಿಲ್ಲದೆ ವಿನಾಯಿತಿ ದೊರಕುವಂತೆ ಮಾಡಲಿ.

– ಓರ್ವ ಅಡಿಕೆ ಬೆಳೆಗಾರ, ಪುತ್ತೂರು ತಾಲ್ಲೂಕು