ಮಗಳಿಗೊಂದು ಪತ್ರ: ಒಂಬತ್ತು ಯಾವ ಬಣ್ಣ?

ಪುಟ್ಟಿ,

ಭಾನುವಾರ ರಾತ್ರಿ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. "ಅಮ್ಮ, ನನಗೆ ಹುಚ್ಚು ಹಿಡೀತಾ ಇದೆಯಾ?" ಅಂತ ಕೇಳಿದೆ. ನಾನು "ಛೆ, ಬಿಡ್ತು ಅನ್ನು. ನಿದ್ದೆ ಕೆಟ್ಟಿರಬೇಕು, ಸುಮ್ನೆ ಮಲಗು" ಅಂದುಬಿಟ್ಟೆ. ನೀನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ಇಟ್ಟೆ. ಅವತ್ತಿಂದ ನನ್ನ ಫೋನ್ ಎತ್ತುತ್ತಿಲ್ಲ. ಬಂದಿದ್ದು ಒಂದೇ ಮೆಸೇಜು. "ಶುಕ್ರವಾರ ಡಾಕ್ಟರ ಹತ್ತಿರ ಹೋಗ್ತಿದ್ದೀನಿ, ನಿನಗೆ ಹೇಳಲೇಬಾರದಿತ್ತು."

ಮೊದಲ ಮಾತು ಓದಿ ಸಮಾಧಾನವಾಯಿತು. ಎರಡನೆಯದು ಎದೆಗೆ ಚುಚ್ಚಿತು. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಮಾತು ಮುಗಿಸುವ ಮೊದಲೇ ನಾನು ಬಾಯಿ ಹಾಕುತ್ತೇನೆ.

ನೀನು ಹೇಳಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಎಲ್ಲರೂ ಗಾಜಿನ ಆಚೆ ಇದ್ದಾರೆ ಅನ್ನಿಸುತ್ತೆ ಅಂದೆ. ನಿನ್ನ ದನಿ ನಿನಗೇ ಬೇರೆಯವರ ದನಿಯ ಹಾಗೆ ಕೇಳುತ್ತೆ ಅಂದೆ. ಆಫೀಸಿನಲ್ಲಿ ಎಲ್ಲರೂ ನಗುವಾಗ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ, ತಡವಾಗಿ ನೀನೂ ನಗುತ್ತೀಯಂತೆ. ಕೈ ನೋಡಿಕೊಂಡರೆ ಇದು ನನ್ನ ಕೈಯಾ ಅನ್ನಿಸುತ್ತಂತೆ. ನೋಡು, ಕೇಳಿಸಿಕೊಂಡಿದ್ದೇನೆ. ಆ ರಾತ್ರಿ ಉತ್ತರ ಕೊಡಲಿಕ್ಕೆ ಆಗಲಿಲ್ಲ ಅಷ್ಟೇ.

ಮೂರು ದಿನ ಇದನ್ನೇ ಓದುತ್ತಾ ಕೂತಿದ್ದೆ. ಗಾಜಿನ ಆಚೆ ಇದ್ದ ಹಾಗೆ ಅನ್ನಿಸುವುದಕ್ಕೆ ಡಿರಿಯಲೈಸೇಶನ್ ಅಂತ ಹೆಸರಿದೆ. ತನ್ನಿಂದ ತಾನೇ ದೂರ ನಿಂತ ಹಾಗೆ ಅನ್ನಿಸಿದರೆ ಡಿಪರ್ಸನಲೈಸೇಶನ್. ವಿಪರೀತ ಆತಂಕ, ನಿದ್ದೆಗೇಡು, ದೊಡ್ಡ ಆಘಾತ ಇಂಥ ಹೊತ್ತಿನಲ್ಲಿ ಬಹಳ ಜನರಿಗೆ ಸ್ವಲ್ಪ ಹೊತ್ತು ಹೀಗಾಗುತ್ತದಂತೆ. ಕೆಲವರಿಗೆ ಮಾತ್ರ ಅದು ಬಿಡದೆ ಕೂರುತ್ತದೆ. ಅಂಥವರು ನೂರರಲ್ಲಿ ಒಬ್ಬಿಬ್ಬರು. ಅವರಿಗೂ ಒಳಗೆ ಗೊತ್ತಿರುತ್ತದೆ, ಗಾಜು ನಿಜವಾಗಿ ಇಲ್ಲ, ಹಾಗೆ ಅನ್ನಿಸುತ್ತಿದೆ ಅಷ್ಟೇ ಅಂತ. ನೀನೂ "ಅನ್ನಿಸುತ್ತೆ" ಅಂತಲೇ ಹೇಳಿದೆ. ಆ ಒಂದು ಪದವನ್ನು ಹಿಡಿದುಕೊಂಡು ನಾನು ಒಂದು ರಾತ್ರಿ ಕಳೆದೆ.

ಇನ್ನೊಂದು ಮಾತು ಹೇಳಬೇಕು ಅಂತಿದ್ದೆ. ಹುಚ್ಚು ಹಿಡಿದವರು ನನಗೆ ಹುಚ್ಚಾ ಅಂತ ಕೇಳುವುದಿಲ್ಲ, ನೀನು ಕೇಳಿದೆಯಲ್ಲ, ಹಾಗಾದರೆ ನಿನಗೇನೂ ಆಗಿಲ್ಲ ಅಂತ. ಎಲ್ಲರೂ ಹೇಳುವ ಮಾತು ಅದು. ಆದರೆ ಪೂರ್ತಿ ನಿಜ ಅಲ್ಲ, ಪುಟ್ಟಿ. ಕಾಯಿಲೆ ಶುರುವಾಗುವ ಹೊತ್ತಿನಲ್ಲಿ ಎಷ್ಟೋ ಜನರಿಗೆ ಏನೋ ತಪ್ಪುತ್ತಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಅವರು ಕೇಳುತ್ತಾರೆ ಕೂಡ. ಇದನ್ನು ಓದಿ ತಿಳಿಯಬೇಕಾದ ಅಗತ್ಯ ನನಗಿರಲಿಲ್ಲ.

ನಿನ್ನ ದೊಡ್ಡಮ್ಮನ ವಿಷಯ ನಿನಗೆ ಗೊತ್ತು. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಶುರುವಿನಲ್ಲಿ ಒಂದು ಸಂಜೆ ಅಕ್ಕ ನನ್ನ ಹತ್ತಿರ ಬಂದು ಕೂತಳು. ನನ್ನ ಕೈ ಹಿಡಿದು "ನನಗೆ ಏನೋ ಆಗ್ತಿದೆ, ಅಲ್ವಾ?" ಅಂದಳು. ನನಗಾಗ ಹದಿನೈದು ವರ್ಷ. ನಾನು "ಏನಿಲ್ಲ ಅಕ್ಕ, ಮಲಗು" ಅಂದೆ. ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಅಂತ ಈಗ ಓದುತ್ತೇನೆ. ಭಾನುವಾರ ನಿನಗೂ ನಾನು ಅದೇ ಮಾತು ಹೇಳಿದೆ. ಮಲಗು ಅಂದೆ.

ಆ ಭಯ ನನ್ನದು, ನಿನ್ನದಲ್ಲ. ಅದನ್ನು ನಿನ್ನ ಮೇಲೆ ಹೊರಿಸಬಾರದು ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆದರೂ ಹೊರಿಸಿದ್ದೇನೆ. ಲೆಕ್ಕದ ಪುಸ್ತಕದ ವಿಷಯ ನಿನಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ನಿನಗಾಗ ಏಳು ವರ್ಷ. ಕ್ಲಾಸಿನಲ್ಲಿ ಎಲ್ಲರೂ ನಕ್ಕರು ಅಂತ ಅಳುತ್ತಾ ಬಂದೆ. "ಐದು ಹಸಿರು ಅಂದೆ ಅಮ್ಮ, ಅದಕ್ಕೆ ನಕ್ಕರು" ಅಂದೆ. ಪುಸ್ತಕ ತೆಗೆದು ತೋರಿಸಿದೆ. ಲೆಕ್ಕದ ಕೆಳಗೆ ಖಾಲಿ ಜಾಗದಲ್ಲಿ ಒಂದರಿಂದ ಒಂಬತ್ತರವರೆಗೆ ದೊಡ್ಡದಾಗಿ ಬರೆದು, ಬಣ್ಣದ ಪೆನ್ಸಿಲಿನಲ್ಲಿ ತುಂಬುತ್ತಿದ್ದೆ. ಎಂಟರವರೆಗೆ ತುಂಬಿದ್ದೆ. ನಾನು ಪುಸ್ತಕ ಕಿತ್ತುಕೊಂಡೆ. "ಅಂಕಿಗೆ ಬಣ್ಣ ಇರುತ್ತಾ? ಇನ್ನೊಂದು ಸಲ ಯಾರ ಮುಂದೆಯಾದರೂ ಹೀಗೆ ಅಂದರೆ ನೋಡು, ಹುಚ್ಚಿ ಅಂತಾರೆ" ಅಂದೆ. ರಬ್ಬರ್ ತಗೊಂಡು ನಾನೇ ಉಜ್ಜಿದೆ. ಹೋಗಲಿಲ್ಲ. ಎಲ್ಲ ಕದಡಿಕೊಂಡು ಕಂದು ಕಲೆಯಾಯಿತು. ನೀನು ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದೆ. ಅಳು ನಿಲ್ಲಿಸಿಬಿಟ್ಟಿದ್ದೆ. ಆ ಅಳು ನಿಂತ ರೀತಿ ನನಗೆ ಮರೆತಿಲ್ಲ.

ಆವತ್ತಿಂದ ನೀನು ಏನನ್ನಾದರೂ ಹೇಳುವ ಮೊದಲು ನನ್ನ ಮುಖ ನೋಡುವುದನ್ನು ಕಲಿತೆ. ಬೇರೆಯವರ ಮುಖವನ್ನೂ.

ನಿನ್ನೆ ಹಳೆಯ ಪೆಟ್ಟಿಗೆಯಿಂದ ಆ ಪುಸ್ತಕ ಹುಡುಕಿ ತೆಗೆದೆ. ನಾನು ಉಜ್ಜಿದ್ದು ಒಂದು ಪುಟ ಮಾತ್ರ. ಹಿಂದಿನ ಪುಟಗಳ ಮೂಲೆಗಳಲ್ಲಿ ಸಣ್ಣದಾಗಿ ಇನ್ನೂ ಇವೆ. ಬೇರೆ ಬೇರೆ ತಾರೀಖು, ಬೇರೆ ಬೇರೆ ಲೆಕ್ಕ. ಎಲ್ಲ ಕಡೆ ಐದು ಹಸಿರೇ. ಏಳು ಯಾವಾಗಲೂ ಇಟ್ಟಿಗೆ ಕೆಂಪು. ಮೂರಕ್ಕೆ ಹಳದಿ ಪೆನ್ಸಿಲ್ ಮುಗಿದಿತ್ತೇನೋ, ಒಂದು ಪುಟದಲ್ಲಿ ಮೂರನ್ನು ಖಾಲಿ ಬಿಟ್ಟಿದ್ದೀಯ, ಬೇರೆ ಬಣ್ಣ ಹಾಕಿಲ್ಲ. ಮಗು ಆಟಕ್ಕೆ ಬಣ್ಣ ಹಾಕಿದ್ದರೆ ಹೀಗಿರುತ್ತಿತ್ತಾ?

ಇದಕ್ಕೆ ಸಿನೆಸ್ತೀಸಿಯಾ ಅನ್ನುತ್ತಾರೆ. ನಿನಗೆ ಈಗಾಗಲೇ ಗೊತ್ತಿರಬಹುದು, ನನಗೆ ಗೊತ್ತಾಗಿದ್ದು ಈ ವಾರ. ಅಂಕಿಗಳಿಗೆ ಬಣ್ಣ ಕಾಣುವವರ ಬಗ್ಗೆ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ 1880ರ ದಶಕದಲ್ಲೇ ಬರೆದಿದ್ದರಂತೆ. ನೂರರಲ್ಲಿ ಸುಮಾರು ನಾಲ್ಕು ಜನರಿಗೆ ಇದರ ಯಾವುದಾದರೂ ಒಂದು ಬಗೆ ಇರುತ್ತದೆ. ಕಾಯಿಲೆಯೇ ಅಲ್ಲ. ಇದು ನಿಜವಾಗಿ ಇದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ ಗೊತ್ತಾ? ತಿಂಗಳುಗಟ್ಟಲೆ ಬಿಟ್ಟು ಮತ್ತೆ ಕೇಳುತ್ತಾರೆ. ಅದೇ ಅಂಕಿಗೆ ಅದೇ ಬಣ್ಣ ಹೇಳುತ್ತಾರಾ ಅಂತ ನೋಡುತ್ತಾರೆ. ಆ ಪರೀಕ್ಷೆಯ ಉತ್ತರ ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇಷ್ಟು ವರ್ಷ ಬಿದ್ದಿತ್ತು. ನಾನು ಅದನ್ನು ಉಜ್ಜಿದ್ದೆ.

1950ರ ದಶಕದ ಒಂದು ಪ್ರಯೋಗದ ಬಗ್ಗೆಯೂ ಓದಿದೆ. ಸೋಲೊಮನ್ ಆಶ್ ಅಂತ ಮನಶ್ಶಾಸ್ತ್ರಜ್ಞ. ಕೆಲವರನ್ನು ಒಂದು ಕೋಣೆಯಲ್ಲಿ ಕೂರಿಸಿ ಗೆರೆಗಳನ್ನು ತೋರಿಸುತ್ತಿದ್ದರು. ಯಾವ ಗೆರೆ ಯಾವುದಕ್ಕೆ ಸಮ, ಹೇಳಿ ಅಂತ. ಕಣ್ಣಿಗೆ ರಾಚುವಷ್ಟು ಸುಲಭ. ಆದರೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬರ ಜಾಗದಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಜನ ಒಂದು ಸಲವಾದರೂ ತಪ್ಪಿಗೇ ಹೂಂಗುಟ್ಟಿದರು. ಕೆಲವರಿಗೆ ತಮ್ಮ ಕಣ್ಣಿಗೇ ಏನೋ ಆಗಿದೆ ಅನ್ನಿಸಿತಂತೆ. ಆದರೆ ಆ ಕೋಣೆಯಲ್ಲಿ ಇನ್ನೊಬ್ಬರು, ಬರೀ ಒಬ್ಬರು, ಸರಿ ಉತ್ತರ ಹೇಳಿದರೆ ಸಾಕು, ಹೂಂಗುಟ್ಟುವುದು ಎಷ್ಟೋ ಕಡಿಮೆಯಾಗುತ್ತಿತ್ತು.

ಕ್ಲಾಸೆಲ್ಲ ನಕ್ಕ ದಿನ ನೀನು ಆ ಇನ್ನೊಬ್ಬರನ್ನು ಹುಡುಕಿಕೊಂಡು ಮನೆಗೆ ಬಂದಿದ್ದೆ. ಭಾನುವಾರವೂ ಅದಕ್ಕೇ ಫೋನ್ ಮಾಡಿದ್ದೆ. ಎರಡು ಸಲವೂ ನಾನು ಕೋಣೆಯವರ ಜೊತೆ ಸೇರಿಕೊಂಡೆ. ತಪ್ಪಾಯಿತು ಪುಟ್ಟಿ.

ಅಂಕಿಯ ಬಣ್ಣಕ್ಕೂ ಈಗ ಆಗುತ್ತಿರುವುದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಅದು ನಿನ್ನ ಜೊತೆ ಹುಟ್ಟಿದ್ದು. ಇದು ಹೊಸದು, ನಿನ್ನನ್ನು ಹೆದರಿಸುತ್ತಿರುವುದು. ಎಲ್ಲರಿಗಿಂತ ಬೇರೆ ಇರುವುದಕ್ಕೆ ಡಾಕ್ಟರ್ ಬೇಕಿಲ್ಲ. ನರಳುವುದಕ್ಕೆ ಬೇಕು. ಆದ್ದರಿಂದ ಶುಕ್ರವಾರ ಹೋಗು, ತಪ್ಪಿಸಬೇಡ. ಹೋದ ಮೇಲೆ ಎಲ್ಲ ಹೇಳು. ನೀನು ಅರ್ಧ ಹೇಳಿ ಅರ್ಧ ನುಂಗುತ್ತೀಯ, ನನಗೆ ಗೊತ್ತು. ಯಾವತ್ತು ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ, ಎಷ್ಟು ಗಂಟೆ ನಿದ್ದೆ ಬರುತ್ತಿದೆ, ಏನಾದರೂ ಮಾತ್ರೆ ತಗೊಳ್ತಿದ್ದೀಯಾ, ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಅಲ್ಲಿ ಕೂತಾಗ ಮರೆತುಹೋಗುತ್ತದೆ. ಯಾರೂ ಇಲ್ಲದಾಗ ಮಾತು ಕೇಳಿಸುತ್ತಾ, ಯಾರೋ ನಿನಗೆ ಕೇಡು ಬಗೆಯುತ್ತಿದ್ದಾರೆ ಅನ್ನಿಸುತ್ತಾ ಅಂತ ಕೇಳುತ್ತಾರೆ. ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ದೊಡ್ಡಮ್ಮನ ವಿಷಯವನ್ನೂ ಹೇಳು. ನಾಚಿಕೆ ಬೇಡ. ಅವಳಿಗೆ ಬಂದಂಥ ಕಾಯಿಲೆ ಬರೀ ರಕ್ತದಲ್ಲಿ ಬರುವುದಾಗಿದ್ದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೂ ಬರಲೇಬೇಕಿತ್ತು. ಹಾಗೆ ಆಗುವುದು ಅರ್ಧಕ್ಕಿಂತ ಕಡಿಮೆ. ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸು. ಥೈರಾಯ್ಡ್ ಏರುಪೇರಾದರೂ, ಬಿ12 ಕಡಿಮೆಯಾದರೂ ಮನಸ್ಸು ಹದಗೆಡಬಹುದು. ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದು ನಿನ್ನ ಕಾಯಿಲೆಗೆ ನೀನೇ ಹೆಸರಿಡಬೇಡ. ಡಾಕ್ಟರ್ ನಿನ್ನ ಮಾತು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರನ್ನು ನೋಡು.

ನೋಡು, ಮತ್ತೆ ಪಾಠ ಶುರುಮಾಡಿದೆ. ಒಂದೇ ಪ್ರಶ್ನೆ ಕೇಳುತ್ತೇನೆ. ಕೇಳಲು ಕೈ ನಡುಗುತ್ತಿದೆ. ಬದುಕೇ ಬೇಡ ಅಂತ ಅನ್ನಿಸುತ್ತಿದೆಯಾ? ಅನ್ನಿಸುತ್ತಿದ್ದರೆ ಶುಕ್ರವಾರದವರೆಗೆ ಕಾಯಬೇಡ. ಈ ಕಾಗದ ಓದುತ್ತಿರುವಾಗಲೇ ಫೋನ್ ಮಾಡು. ನಾನು ಬರುತ್ತೇನೆ. ಬಂದು ಏನೂ ಮಾತಾಡದೆ ಪಕ್ಕದಲ್ಲಿ ಕೂರುತ್ತೇನೆ.

ಶುಕ್ರವಾರ ನಾನು ಜೊತೆಗೆ ಬರಲಾ? ಬೇಡ ಅಂದರೆ ಬೇಜಾರಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತಿರು ಅಂದರೆ ಹೊರಗೇ ಇರುತ್ತೇನೆ. ಒಬ್ಬಳೇ ಡಾಕ್ಟರನ್ನು ಹುಡುಕಿ, ದಿನ ಗೊತ್ತುಮಾಡಿಕೊಂಡೆಯಲ್ಲ. ನಮ್ಮ ಮನೆಯಲ್ಲಿ ಯಾರೂ ಮಾಡದ ಕೆಲಸ ಅದು. ನನ್ನ ಅಕ್ಕನಿಗಾಗಿ ನಾವ್ಯಾರೂ ಮಾಡಲಿಲ್ಲ. ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ನಿನ್ನ ಮೆಸೇಜ್ ಬಂದ ಕೂಡಲೇ ಹೇಳಬೇಕಿತ್ತು.

ಲೆಕ್ಕದ ಪುಸ್ತಕ ನನ್ನ ಮುಂದೆಯೇ ಇದೆ. ಆ ಕಲೆಯಾದ ಪುಟದ ಕೊನೆಯಲ್ಲಿ ಒಂಬತ್ತು ಬರೀ ಗೆರೆಯಲ್ಲಿ ಉಳಿದಿದೆ, ಒಳಗೆ ಖಾಲಿ. ಹಿಂದಿನ ಪುಟಗಳಲ್ಲಿ ಎಲ್ಲೂ ಒಂಬತ್ತು ಸಿಗಲಿಲ್ಲ. ನಿನ್ನೆಯಿಂದ ಹುಡುಕುತ್ತಿದ್ದೇನೆ. ಅದರ ಬಣ್ಣ ಯಾವುದು ಪುಟ್ಟಿ? ಮಾತಾಡಲು ಮನಸ್ಸಿಲ್ಲದಿದ್ದರೆ ಬಣ್ಣದ ಹೆಸರೊಂದನ್ನೇ ಮೆಸೇಜ್ ಮಾಡು.

ನಿನ್ನ
ಅಮ್ಮ