ಮೂಲ ಕಡತ ಅಳಿಸುವ ಮುನ್ನ

ಮಾನ್ಯರೇ,

ಟಿ.ವಿ.ಯಲ್ಲಿ ಪ್ರಸಾರವಾದ ಬಯಲಾಟ, ತೊಗಲುಗೊಂಬೆಯಾಟಗಳನ್ನು ರೆಕಾರ್ಡ್ ಮಾಡಿ ಕೂಡಿಟ್ಟಿದ್ದ ನಾನು, ಡಿಸ್ಕಿನಲ್ಲಿ ಜಾಗ ಸಾಲದೆ ಅವನ್ನೆಲ್ಲ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದಿಂದ ಒಮ್ಮೆಗೇ ಕುಗ್ಗಿಸಿ, ಬಳಿಕ ಮೂಲ ಕಡತಗಳನ್ನು ಅಳಿಸಲು ವಿಂಡೋಸ್‌ನಲ್ಲಿ ಬ್ಯಾಚ್ ಸ್ಕ್ರಿಪ್ಟ್ (ಆದೇಶಗಳನ್ನು ಸಾಲಾಗಿ ನಡೆಸುವ ಕಡತ) ಬರೆದಿದ್ದೆ. ಖಾಲಿ ಜಾಗವಿರುವ ಕಡತದ ಹೆಸರುಗಳನ್ನು ಪರಿವರ್ತನೆಯ ಸಾಲಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಇರಿಸದ ಕಾರಣ ಆ ಕೆಲಸ ವಿಫಲವಾಯಿತು. ಆದರೆ ಅಳಿಸುವ ಸಾಲಿನಲ್ಲಿ ಚಿಹ್ನೆ ಸರಿಯಾಗಿದ್ದುದರಿಂದ ಮೂಲ ವಿಡಿಯೊಗಳೇ ಅಳಿದುಹೋದವು. ಡೆಲ್ (del) ಎಂಬ ಅಳಿಸುವ ಆದೇಶದಿಂದ ಅಳಿದದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಆ ಆಟಗಳು ಮರುಪ್ರಸಾರವಾಗುವ ಭರವಸೆಯೂ ಇಲ್ಲವೆಂಬುದೇ ನನ್ನ ದುಃಖ.

ಎರರ್‌ಲೆವೆಲ್ (ಹಿಂದಿನ ಆದೇಶದ ಫಲಿತಾಂಶ ತಿಳಿಸುವ ಸಂಖ್ಯೆ) 0, ಅಂದರೆ ಯಶಸ್ವಿ, ಎಂದಿದ್ದರೆ ಮಾತ್ರ ಅಳಿಸುವಂತೆ ಷರತ್ತು ಬರೆಯಬೇಕು. ಮೂಲವನ್ನು ಅಳಿಸುವ ಮೊದಲು, ಹೊಸ ಕಡತವನ್ನು ಕೊನೆಯವರೆಗೆ ನೋಡುವುದು ಒಳಿತು. ಇಂತಹ ಪ್ರಾಯೋಗಿಕ ತಿಳಿವಳಿಕೆಯನ್ನು ತಮ್ಮ ಪತ್ರಿಕೆ ಕನ್ನಡದಲ್ಲಿ ನಿಯಮಿತವಾಗಿ ಪ್ರಕಟಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓದುಗ, ಕೊಪ್ಪಳ