ಪುಟ್ಟಣ್ಣ: ಹೊಗಳಿಕೆ ಜೊತೆ ವಿಮರ್ಶೆಯೂ ಇರಲಿ

ಮಾನ್ಯರೇ,

ಚಿತ್ರ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಬಗ್ಗೆ ಬರೆಯುವವರು ಹೆಚ್ಚಾಗಿ ಬರೀ ಹೊಗಳಿ ಮುಗಿಸುತ್ತಾರೆ. ಹೊಗಳಬೇಕಾದ್ದೇ. ‘ನಾಗರಹಾವು’ (1972) ನೋಡಿದವರಿಗೆ ಚಿತ್ರದುರ್ಗದ ಬಂಡೆಗಳಿಲ್ಲದೆ ನಾಯಕ ರಾಮಾಚಾರಿಯ ಹಟ ನೆನಪಾಗುವುದೇ ಇಲ್ಲ. ‘ಶರಪಂಜರ’ದ (1971) ಕಾವೇರಿ ಹುಚ್ಚಾಸ್ಪತ್ರೆಯಿಂದ ವಾಸಿಯಾಗಿ ಬಂದರೂ ಸುತ್ತಲಿನವರು ಅವಳನ್ನು ಅನುಮಾನದಿಂದಲೇ ನೋಡುತ್ತಾರೆ. ಆ ನೋಟಕ್ಕೆ ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಮುಖ ಹೇಗೆ ಕುಗ್ಗುತ್ತಾ ಹೋಗುತ್ತದೆ ಎಂಬುದನ್ನು ಪುಟ್ಟಣ್ಣ ಬಿಡದೆ ತೋರಿಸಿದರು. ಹೆಣ್ಣಿನ ಮನಸ್ಸಿಗೆ ಇಷ್ಟು ಜಾಗ ಕೊಟ್ಟವರು ಆಗ ಕಡಿಮೆ.

ಆದರೆ ಕಾವೇರಿ ಕೊನೆಗೆ ಮತ್ತೆ ಆಸ್ಪತ್ರೆಗೇ ಹೋಗಬೇಕು. ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯನ್ನು ಪ್ರೀತಿಸಿದ ಮಾರ್ಗರೆಟ್ ಸಾಯಲೇಬೇಕು. ಕಟ್ಟು ಮೀರಿದ ಹೆಣ್ಣಿಗೆ ಅವರು ಬದುಕುವ ದಾರಿಯನ್ನೇ ಬಿಡಲಿಲ್ಲ, ಅಲ್ವಾ? ಕೆಲವು ಕಡೆ ಅಳು, ಕೂಗಾಟವೂ ಜಾಸ್ತಿಯಾಯಿತು. ಅವರ ಚಿತ್ರಗಳನ್ನು ಮತ್ತೆ ತೋರಿಸುವಾಗ ಈ ಮಾತೂ ಚರ್ಚೆಗೆ ಬರಲಿ.

– ಒಬ್ಬ ಓದುಗ, ಮೈಸೂರು